ಗಂಜಿ ಪಂಚೆಯ ಪ್ಯಾರಾಚೂಟ್

ನಮ್ಮಕ್ಕನ ಗಂಡ ಮಿಲಿಟರಿಯಲ್ಲಿದ್ದ. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದೇ ಅವನ ಕೆಲಸ. ಎಂಬತ್ತರ ಸುಮಾರಿಗೆ, ಮದುವೆಯ ನಂತರದ ಮೊದಲ ದೀಪಾವಳಿಗೆ ಅವನು ತಿಪಟೂರು ಬಸ್ಸಿನಿಂದ ಇಳಿದ ಗಳಿಗೆಯಿಂದಲೇ ನನಗೆ ಹೊಟ್ಟೆಯುರಿ ಶುರುವಾಯಿತು. ನಾನು ಕೊಬ್ಬರಿ ರೇಟಿನ ಮಾತೆತ್ತಿದರೂ ಎದ್ದು ಹೋಗುತ್ತಿದ್ದ ಅಪ್ಪ, ಅಳಿಯನ ಮುಂದೆ ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನೂ ಮರೆತು ಕೂರುತ್ತಿದ್ದ.

ಅವತ್ತು ಜಗಲಿಯ ಮೇಲೆ ಭಾವ ಹೇಳುತ್ತಿದ್ದದ್ದು ಕಡಿಮೆ ಎತ್ತರದಿಂದ ಹಾರುವ ವಿಷಯ. ಹೊರದೇಶದಲ್ಲಿ ಬಂಡೆಯ ನೆತ್ತಿಯಿಂದ, ಗೋಪುರದ ತುದಿಯಿಂದ ಹಾರುವ ಹುಚ್ಚರೂ ಇದ್ದಾರಂತೆ. ವಿಮಾನದಿಂದಾದರೆ ಪ್ಯಾರಾಚೂಟಿನ ಕೊಡೆ ಬಿಚ್ಚಿಕೊಳ್ಳಲು ಪುರುಸೊತ್ತು ಸಿಗುತ್ತದೆ, ಅಲ್ಲಿ ಸಿಗುವುದಿಲ್ಲ. ಅದಕ್ಕೇ ಎತ್ತರ ನೋಡಿ ಕೊಡೆ ಆರಿಸಬೇಕು, ಕೈಬಿಟ್ಟ ಕೂಡಲೇ ಮಡಿಕೆ ಅರಳಬೇಕು ಎಂದ. ನಮ್ಮ ತೆಂಗಿನಮರದಷ್ಟು ಎತ್ತರ ಸಾಕೇ ಎಂದು ಅಪ್ಪ ಕೇಳಿದ. ಒಂದು ಎಳನೀರಿಗೆ ಕೊಡೆ ಕಟ್ಟಿ ಇಳಿಸಿ ನೋಡೇಬಿಡೋಣ ಎಂದು ಭಾವ ನಕ್ಕ. ನಮ್ಮಲ್ಲಿ ಎಳನೀರಿನ ಗೊನೆಯನ್ನು ಹಗ್ಗ ಕಟ್ಟಿಯೇ ಇಳಿಸುವುದು. ಹಾಗೇ ಬಿಟ್ಟರೆ ಸೀಳಿ ನೀರೆಲ್ಲ ಮಣ್ಣುಪಾಲು. ನಾನೂ ಒಂದು ಕೊಡೆ ಮಾಡುತ್ತೇನೆ ಎಂದೆ. ಅಪ್ಪನ ಬಾಯಿಂದ ನನಗೊಂದು ಭೇಷ್ ಬೇಕಿತ್ತು, ಅಷ್ಟೇ.

ಭಾವ ಆರಿಸಿಕೊಂಡಿದ್ದು ಅವ್ವನ ಹಳೇ ಸೀರೆಯ ತುಂಡು, ಒಗೆದೂ ಒಗೆದೂ ಮೆತ್ತಗಾದದ್ದು. ಸಾಲದ್ದಕ್ಕೆ ಅದರ ನೆತ್ತಿಗೆ ತೂತು ಬೇರೆ ಕತ್ತರಿಸಿದ, ಇಲ್ಲದಿದ್ದರೆ ಓಲಾಡುತ್ತದಂತೆ. ತೂತಿನ ಸೀರೆ ನೋಡಿ, ಗೆದ್ದೆ ಅಂದುಕೊಂಡೆ. ನಾನು ತಂದದ್ದು ಹಬ್ಬಕ್ಕೆಂದು ಗಂಜಿ ಹಾಕಿ ಮಡಿಸಿಟ್ಟ ನನ್ನ ಪಂಚೆ. ನಮ್ಮ ಕಡೆ ಮರ್ಯಾದಸ್ಥರ ಪಂಚೆ ಎಂದರೆ ನೆಲಕ್ಕಿಟ್ಟರೂ ತಾನೇ ನಿಲ್ಲಬೇಕು. ಅಷ್ಟು ಬಿರುಸಾದ ಬಟ್ಟೆ ಹರಡಿಕೊಂಡೇ ಇಳಿಯುತ್ತದೆ ಎಂದು ನಾನು ನಂಬಿದ್ದೆ.

ಮರ ಹತ್ತಬೇಕಾದವನು ಮಾತ್ರ ನಾನೇ. ಆಕಾಶದಿಂದ ಹಾರುವ ಭಾವನಿಗೆ ತೆಂಗಿನಮರ ಹತ್ತಲು ಬರುತ್ತಿರಲಿಲ್ಲ ಎನ್ನುವುದೊಂದೇ ನನಗಿದ್ದ ಸಮಾಧಾನ.

"ನಿಂತ್ಕಂಡು ಏನ್ ನೋಡ್ತೀಯಾ, ಹತ್ಲಾ" ಎಂದ ಅಪ್ಪ.

ಎರಡೂ ಕೊಡೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದೆ. ಸುಳಿಯ ಹತ್ತಿರ ಕೂತು, ಎರಡು ಎಳನೀರು ಕಿತ್ತು, ಒಂದೊಂದು ಕೊಡೆಯ ಮೂಲೆಗಳಿಗೆ ಕಟ್ಟಿದ್ದ ದಾರಕ್ಕೆ ಒಂದೊಂದನ್ನು ಬಿಗಿದೆ. ಮೊದಲು ನನ್ನದನ್ನು ಬಿಟ್ಟೆ. ಗಂಜಿಗೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪಂಚೆ ಬಿಚ್ಚಿಕೊಳ್ಳುವ ಮನಸ್ಸು ಮಾಡುವಷ್ಟರಲ್ಲಿ ನೆಲ ಬಂದಿತ್ತು. ಎಳನೀರು ಸೀಳಿ, ನೀರು ಅಪ್ಪನ ಕಾಲಿಗೆಲ್ಲ ಸಿಡಿಯಿತು. ಆಮೇಲೆ ಭಾವನದನ್ನು ಬಿಟ್ಟೆ. ಅವ್ವನ ಸೀರೆ ಪಟ್ಟನೆ ಅರಳಿತು, ನೆಟ್ಟಗೆ ಇಳಿದು ಎಳನೀರನ್ನು ಹುಲ್ಲಿನ ಮೇಲೆ ಕೂರಿಸಿತು. ಅಪ್ಪನ ಭೇಷ್ ನನಗೆ ಮರದ ಮೇಲಕ್ಕೇ ಕೇಳಿಸಿತು.

ಗೆದ್ದ ಹುರುಪಿನಲ್ಲಿ ಭಾವ ಪಕ್ಕದ ಮರವನ್ನು ತಬ್ಬಿ ತಾನೂ ಹತ್ತಲು ಹೊರಟ. ನೆಲದಿಂದ ಮೊಳದೆತ್ತರ ಏರಿದ್ದನೋ ಇಲ್ಲವೋ, ಅಪ್ಪ ಓಡಿಹೋಗಿ ಎರಡೂ ಕೈ ಚಾಚಿ ಕೆಳಗೆ ನಿಂತ.

"ಬ್ಯಾಡಿ ಅಳಿಯಂದ್ರೆ, ಬಿದ್ದುಬುಟ್ಟೀರಿ. ನಿಧಾನುಕ್ಕೆ ಇಳೀರಿ."

ಮೀಸೆ ಮೂಡುವ ಮುಂಚಿನಿಂದ ಆ ತೋಟದ ಮರಗಳನ್ನು ಹತ್ತಿ ಇಳಿದವನು ನಾನು. ಬಿದ್ದೀಯೆ ಎಂದು ಅಪ್ಪ ನನಗೆ ಒಂದು ದಿನವೂ ಹೇಳಿದ್ದಿಲ್ಲ. ಭೇಷ್ ಭಾವನಿಗೇ ಹೋಗಲಿ ಎಂದು ಬಿಟ್ಟುಕೊಡಬಲ್ಲೆ. ಆ ಚಾಚಿದ ಕೈಗಳನ್ನು ನೆನೆದರೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ. ಆಗ ನಾನು ಇನ್ನೂ ಮರದ ಮೇಲೇ ಇದ್ದೆ.