ಜಮಖಾನೆಯ ಮೇಲೆ ಕಲಿತ ಮೌಸ್

ಕೊಟ್ಟೂರಿನಿಂದ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಹರಪನಹಳ್ಳಿಯ ಪರೀಕ್ಷಾ ಕೇಂದ್ರದಲ್ಲಿ ಕರೆಂಟು ಹೋಗಬಹುದಿತ್ತು. ಪಾಸ್‌ವರ್ಡ್ ಮರೆತುಹೋಗಬಹುದಿತ್ತು; ಅದಕ್ಕೇ ಮೂರು ಚೀಟಿಗಳಲ್ಲಿ ಬರೆದಿಟ್ಟಿದ್ದೆ. ಮೂರೂ ಒಂದೇ ಪರ್ಸಿನಲ್ಲಿದ್ದವು, ಪರ್ಸು ಕಳೆಯಬಹುದಿತ್ತು. ಬ್ರೌಸರಿನ ಮೂಲೆಯಲ್ಲಿರುವ ಗುಣಾಕಾರದ ಗುರುತನ್ನು ಒತ್ತಿ ಪರೀಕ್ಷೆಯನ್ನೇ ಮುಚ್ಚಿಬಿಡಬಹುದಿತ್ತು. ಹಿಂದಕ್ಕೆ ಹೋಗುವ ಗುರುತನ್ನು ಮುಟ್ಟಿದರೆ ಉತ್ತರಗಳೆಲ್ಲ ಅಳಿಸಿಹೋಗಬಹುದಿತ್ತು. ಮದುವೆಯಾದಾಗ ಅರ್ಧಕ್ಕೆ ಬಿಟ್ಟ ಬಿ.ಎ.ಯನ್ನು ಈ ವಯಸ್ಸಿನಲ್ಲಿ ಆನ್‌ಲೈನಿನಲ್ಲಿ ಮುಗಿಸಲು ಹೊರಟವಳಿಗೆ ಅದು ಕೊನೆಯ ಪರೀಕ್ಷೆ.

ಮೌಸ್ ಹಿಡಿಯಲು ಕಲಿಸಿದವಳು ಮಗಳು. ಮೇಜಿಲ್ಲದ ಮನೆ. ಪಡಸಾಲೆಯ ಜಮಖಾನೆಯ ಮೇಲೆ ಅವಳ ಲ್ಯಾಪ್‌ಟಾಪ್, ವೈರಿಲ್ಲದ ಮೌಸ್, ಚಕ್ಕಳಮಕ್ಕಳ ಹಾಕಿ ಕುಳಿತ ನಾನು.

"ಅವ್ವಾ, ಅದೇನ್ ರೊಟ್ಟಿ ಬಡಿಯೋದಾ? ಮೆಲ್ಲಕ ಒತ್ತು."

"ಓಡಿ ಹೋಗ್ತೈತಲ್ಲೇ ಅದು!"

"ಎಲ್ಲೂ ಹೋಗಲ್ಲ. ನೀ ಮಾತ್ರ ಕೈ ಬಿಡಬ್ಯಾಡ."

ಬಿಡಲಿಲ್ಲ. ಮಧ್ಯಾಹ್ನಗಳಲ್ಲಿ ಕಿಟಕಿಯ ಬಿಸಿಲು ಜಮಖಾನೆಯ ಪಟ್ಟೆಗಳನ್ನು ಒಂದೊಂದಾಗಿ ದಾಟುತ್ತಿತ್ತು, ಅದರ ಜೊತೆ ನನ್ನ ಕೈಯೂ. ಪರದೆಯ ಮೇಲಿನ ಬಾಣ ಗುಡೇಕೋಟೆಯ ಗುಡ್ಡದಲ್ಲಿ ಹಿಂಡು ತಪ್ಪಿದ ಕುರಿಮರಿಯಂತೆ ಅಲೆಯುತ್ತಿತ್ತು. ಅದು ಹೋದಷ್ಟೂ ಮೌಸ್ ಎತ್ತದೆ ಎಳೆಯುತ್ತ ನಾನೂ ಸರಿಯುತ್ತಿದ್ದೆ. ಒಮ್ಮೆ ಪುಟದ ತುದಿ ಮುಟ್ಟುವ ಹೊತ್ತಿಗೆ ನಾನು ಅಡುಗೆಮನೆಯ ಹೊಸ್ತಿಲ ಹತ್ತಿರವಿದ್ದೆ. ರಾತ್ರಿ ಮಲಗಿ ಕಣ್ಣು ಮುಚ್ಚಿದರೂ ಅಂಗೈ ತೇಲುತ್ತಲೇ ಇರುತ್ತಿತ್ತು.

ಪರೀಕ್ಷೆಯ ದಿನ ಬಸ್ಸು ಕೆಡಲಿಲ್ಲ. ಕರೆಂಟು ಹೋಗಲಿಲ್ಲ. ಪರ್ಸೂ ಇತ್ತು. ಉತ್ತರಗಳನ್ನೆಲ್ಲ ಗುರುತು ಮಾಡಿ, 'ಸಲ್ಲಿಸಿ' ಎಂಬ ಹಸಿರು ಗುಂಡಿಯತ್ತ ಬಾಣವನ್ನು ಮೆಲ್ಲಗೆ ಕರೆದೊಯ್ಯುತ್ತಿದ್ದೆ. ಇನ್ನೆರಡು ಬೆರಳಷ್ಟು ದೂರವಿತ್ತು, ಅಷ್ಟರಲ್ಲಿ ಮೇಜು ಮುಗಿಯಿತು.

ಪರದೆಯಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಎತ್ತಿದರೆ ಬರೆದದ್ದೆಲ್ಲ ಚೆಲ್ಲಿಹೋದೀತೆಂದು ಮೌಸನ್ನು ತುಂಬಿದ ಕೊಡದ ಹಾಗೆ ಹಿಡಿದು ಕುಳಿತೆ. ಮೂರು ನಿಮಿಷ. ಇನ್ನೊಂದು ಕೈ ಮೇಲೆತ್ತಿದೆ.

"ಮೇಡಂ, ಟೇಬಲ್ ಸಾಲವಲ್ದು ನೋಡ್ರಿ."

ಮೇಲ್ವಿಚಾರಕಿ ಬಂದು ನೋಡಿದರು. ಪುಣ್ಯಾತ್ಗಿತ್ತಿ, ನಗಲಿಲ್ಲ.

"ಎತ್ತಿ ಈ ಕಡಿಗಿ ಇಡ್ರಿ ಅಕ್ಕಾರ. ಬಾಣ ಅಲ್ಲೇ ಇರ್ತೈತಿ."

ಎತ್ತಿದೆ. ನನ್ನ ಕೈ ಗಾಳಿಯಲ್ಲಿ ತೇಲಿ ಮೇಜಿನ ನಡುವೆ ಇಳಿಯುವವರೆಗೂ ಬಾಣ ಅಲುಗಲಿಲ್ಲ, ನನಗಾಗಿಯೇ ನಿಂತಂತಿತ್ತು. ಗುಂಡಿ ಒತ್ತಿದೆ. ಯಾವುದಕ್ಕೂ ಇರಲಿ ಎಂದು ಇನ್ನೊಂದು ಸಲವೂ ಒತ್ತಿದೆ.