ತಮ್ಮ ಫಾದರ್ ಆದ ಮೇಲೆ

ನನ್ನ ತಮ್ಮನಿಗೆ ಗುರುದೀಕ್ಷೆಯಾದ ದಿನ ಬಿಷಪರು ಅವನ ಅಂಗೈಗಳಿಗೆ ಪವಿತ್ರ ತೈಲ ಹಚ್ಚಿದರು. ಆ ಎಣ್ಣೆ ಒರೆಸಿದ ಬಿಳಿ ಬಟ್ಟೆಯನ್ನು ಅವನು ಮಡಿಸಿ ಅಮ್ಮನ ಕೈಗೆ ಕೊಟ್ಟ. ಅದು ನಮ್ಮಲ್ಲಿ ಹಳೆಯ ಪದ್ಧತಿ. ಪಾದ್ರಿಯನ್ನು ಹೆತ್ತವಳು ಆ ಬಟ್ಟೆಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾಳೆ. ಅವಳು ತೀರಿಕೊಂಡಾಗ ಅದನ್ನು ಅವಳ ಕೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಮೇಲೆ ಹೋದಾಗ ದೇವರಿಗೆ ತೋರಿಸಲಿಕ್ಕೆ.

ಅಮ್ಮ ಅದನ್ನು ಟ್ರಂಕಿನಲ್ಲಿ, ಅಪ್ಪನ ಮದುವೆ ಕೋಟಿನ ಕೆಳಗೆ ಇಟ್ಟಳು. "ದೊಡ್ಡವನೇ, ಆ ಹೊತ್ತಿಗೆ ಮರೀಬೇಡ," ಎಂದು ನನಗೆ ಹೇಳಿದಳು. ಮನೆಯಲ್ಲಿ ಇರುವವನು ನಾನು ತಾನೇ.

ಅಪ್ಪ ನರಸಿಂಹರಾಜಪುರದಲ್ಲಿ ಚರ್ಚಿನ ಉಪದೇಶಿ. ಕಾಫಿ ತೋಟದ ಕೂಲಿಯವರ ಲೈನು ಮನೆಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರ ಹತ್ತಿರ ಕೂತು ಪ್ರಾರ್ಥನೆ ಹೇಳುವುದು, ಫಾದರ್ ಬರಲಾಗದ ಭಾನುವಾರ ಬೈಬಲ್ ಓದುವುದು ಎಲ್ಲ ಅವರೇ. ಬಲಿಪೂಜೆ ಮಾತ್ರ ಅವರದಲ್ಲ, ಅದು ದೀಕ್ಷೆಯಾದ ಫಾದರೇ ಮಾಡುವಂಥದ್ದು. ಫಾದರ್ ಎಷ್ಟೇ ಚಿಕ್ಕ ಪ್ರಾಯದವರಿರಲಿ, ಅವರು ಬಂದರೆ ಅಪ್ಪ ಎದ್ದು ನಿಲ್ಲುತ್ತಿದ್ದರು. ಉಪದೇಶಿಯ ಸಂಬಳದಲ್ಲಿ ಇಬ್ಬರನ್ನು ಓದಿಸುವುದು ಆಗದ ಮಾತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮರಗೆಲಸಕ್ಕೆ ಹೋದೆ. ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಮನೆಗಳ ಬಾಗಿಲು ನನ್ನ ಕೈಯವು. ಮಳೆಗಾಲದಲ್ಲೂ ಒಂದೂ ಬಿಗಿಯುವುದಿಲ್ಲ. ತಮ್ಮ ಸೆಮಿನರಿಗೆ ಹೋದ.

ಹೊಸ ಫಾದರಾಗಿ ಅವನು ಮನೆಗೆ ಬಂದಾಗ ಅಪ್ಪ ಕುರ್ಚಿಯಿಂದ ಎದ್ದರು.

"ಅಪ್ಪಾ, ಎಂತ ಇದು? ಕೂತ್ಕಳಿ," ಎಂದ ತಮ್ಮ.

"ನೀವು ಮೊದ್ಲು ಕೂತ್ಕಳಿ, ಫಾದರ್," ಎಂದರು ಅಪ್ಪ.

ಅಪ್ಪನೇ ಹಾಗೆಂದ ಮೇಲೆ ನಾನೇನು ಹೇಳಲಿ? ನಾನೂ ಅವನ ಕೈಗೆ ಮುತ್ತಿಟ್ಟೆ. ಪುಟ್ಟ ಎಂದು ಕರೆಯುವುದು ಅಲ್ಲಿಗೆ ಮುಗಿಯಿತು.

ಆಮೇಲೆ ಅವನು ಒಂದೂರಿನಲ್ಲಿ ಸಹಾಯಕ ಗುರು, ಇನ್ನೊಂದೂರಿನಲ್ಲಿ ಇಡೀ ಚರ್ಚಿನ ಹೊಣೆ ಹೊತ್ತ ವಿಚಾರಣಾ ಗುರು. ಬಿಷಪರ ಆದೇಶ ಬಂದರೆ ಎರಡು ಬ್ಯಾಗು ಹಿಡಿದು ಹೊರಡಬೇಕು. ಮಲಗುವ ಮಂಚವೂ ಚರ್ಚಿನದು. ನಾನು ಮಾಡಿಕೊಟ್ಟ ಹಲಸಿನ ಮೇಜನ್ನು, ಮುಂದೆ ಬರುವ ಫಾದರಿಗೆ ಆಗುತ್ತದೆ ಎಂದು ಎರಡನೇ ಊರಿನಲ್ಲೇ ಬಿಟ್ಟು ಹೋದ. ಹಬ್ಬಕ್ಕೆ ಮನೆಗೆ ಬರುವಂತಿಲ್ಲ, ಹಬ್ಬವೆಂದರೆ ಅವನಿಗೆ ಕೆಲಸ. ಎಂದೋ ಬಂದರೆ ಊರವರೆಲ್ಲ ಆಶೀರ್ವಾದಕ್ಕೆ ಸೇರುತ್ತಿದ್ದರು. ಅವನಿಗೆ ಹಜಾರದಲ್ಲಿ ಕುರ್ಚಿ, ಗಾಜಿನ ಲೋಟ. ಅಡುಗೆಮನೆಯಲ್ಲಿ ನನ್ನ ಪಕ್ಕದ ಮಣೆಯ ಮೇಲೆ ಕೂತು, ನನ್ನ ತಟ್ಟೆಯ ಮೀನು ಕದಿಯುತ್ತಿದ್ದವನು ಇವನೇನಾ ಅನ್ನಿಸುತ್ತಿತ್ತು. ಅಪ್ಪ ಹೋದ ಮೇಲಂತೂ ಒಂದೇ ಒಂದು ಊಟ ಹಾಗೆ ಆಗಲಿ ಎಂದು ಎಷ್ಟು ಆಸೆಪಟ್ಟಿದ್ದೇನೋ. ಬಾಯಿ ಬಿಟ್ಟು ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಳು. ಅಂಗಡಿಯ ಪೆಟ್ಟಿಗೆ ಬೇಡವೆಂದು ನಾನೇ ಕೂತು ಮಾಡಿದೆ. ಮುಚ್ಚಳ ಎಷ್ಟು ಚೆನ್ನಾಗಿ ಕೂತಿತೆಂದರೆ ಸಂದಿಯಲ್ಲಿ ಉಗುರು ಹೋಗುತ್ತಿರಲಿಲ್ಲ. ಪೂಜೆ ತಮ್ಮನದೇ. ಸಿಮೆಟ್ರಿಯಲ್ಲಿ ಎಲ್ಲರೂ ಅಮ್ಮನ ಮುಖ ನೋಡಿಯಾದ ಮೇಲೆ ನಾನು ಮುಚ್ಚಳ ಇಟ್ಟು ಸ್ಕ್ರೂ ಬಿಗಿದೆ. ಇಳಿಸುವವರು ಹಗ್ಗ ಹಿಡಿದರು. ತಮ್ಮ ಪವಿತ್ರ ಜಲ ಚಿಮುಕಿಸಲು ಕೈ ಎತ್ತಿದ. ಆ ಅಂಗೈ ಕಂಡಾಗ ನನಗೆ ಬಟ್ಟೆ ನೆನಪಾಯಿತು.

"ಪುಟ್ಟಾ, ನಿಲ್ಸೋ!"

ಜನ ತಿರುಗಿ ನೋಡಿದರು. ಪಕ್ಕದ ಮನೆಯ ಅಜ್ಜಿ ನನ್ನ ತೋಳು ಚಿವುಟಿ, "ಎಂತ ಮಾರಾಯ, ಫಾದರಿಗೆ ಹಾಗೆಲ್ಲ ಅನ್ನದಾ?" ಎಂದಳು.

ತಮ್ಮ ಪುಸ್ತಕ ಮುಚ್ಚಿದ. "ಎಂತ ಆಯ್ತು ಅಣ್ಣ?"

"ಬಟ್ಟೆ ಕಣೋ, ನಿನ್ನ ಕೈ ಒರೆಸಿದ್ದು. ಟ್ರಂಕಲ್ಲೇ ಉಳೀತು. ಅಪ್ಪನ ಕೋಟಿನ ಅಡಿಗೆ."

"ಬೈಕಿನ ಕೀ ಕೊಡು. ನೀನು ಮುಚ್ಚಳ ಬಿಚ್ಚು, ಅದು ನಂಗೆ ಬರಲ್ಲ."

ನಿಲುವಂಗಿಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡು ಬೈಕ್ ಹತ್ತಿದ. ಪಕ್ಕದಲ್ಲಿ ನಿಂತಿದ್ದ ನಮ್ಮೂರ ಚರ್ಚಿನ ಹಿರಿಯ ಫಾದರ್, "ಹೆಲ್ಮೆಟ್ ಆದ್ರೂ ಹಾಕ್ಕೊಳ್ಳಿ!" ಎಂದು ಕೂಗಿದರು. ಅತ್ತು ಕೆಂಪಾಗಿದ್ದ ಕಣ್ಣುಗಳೆಲ್ಲ ಒಂದು ಗಳಿಗೆ ನಕ್ಕವು. ನಾನು ಮಾಡಿದ ಕೆಲಸವನ್ನು ನಾಲ್ಕು ಜನರ ಎದುರು ನಾನೇ ಬಿಚ್ಚಿದ್ದು ಅದೇ ಮೊದಲು. ಅವಮಾನ ಅನ್ನಿಸಲಿಲ್ಲ.

ಅವನು ತಂದ ಬಟ್ಟೆ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅಮ್ಮನ ಬೆರಳು ಸೆಟೆದಿದ್ದವು. ಒಂದು ಕೈ ಅವನು ಎತ್ತಿದ, ಒಂದು ಕೈ ನಾನು.

"ನಿಧಾನ ಅಣ್ಣ."

"ಗೊತ್ತು ಸುಮ್ನಿರೋ."

ಬಟ್ಟೆ ಇಟ್ಟಾಯಿತು. ಅವನು ನಿಲುವಂಗಿ ಇಳಿಬಿಟ್ಟು ಪುಸ್ತಕ ತೆರೆದ. ನಾನು ಮುಚ್ಚಳ ಬಿಗಿದು, ಹಿಂದೆ ಸರಿದು, ಎಲ್ಲರ ಜೊತೆ ಕೈಮುಗಿದು ನಿಂತೆ.

ಮಾರನೇ ದಿನ ಅವನ ಊರಿನಲ್ಲಿ ಪೂಜೆಯಿತ್ತು; ಸಂಜೆಯೇ ಹೊರಟ. ಜೀಪು ಹತ್ತುವಾಗ, "ಹೋಗಿ ಬನ್ನಿ, ಫಾದರ್," ಎಂದೆ. ಬೇರೆ ಏನೋ ಅನ್ನುತ್ತೇನೆಂದು ಕಾದವನ ಹಾಗೆ ನನ್ನ ಮುಖ ನೋಡಿದ. ಸುತ್ತ ಜನ ಇದ್ದರು.

ಈಗ ಭಾನುವಾರ ಪೂಜೆ ಮುಗಿಸಿ ಫೋನ್ ಮಾಡುತ್ತಾನೆ. ಫೋನಿನಲ್ಲಿ ನಾವಿಬ್ಬರೇ. ಆದರೂ ನನ್ನ ಬಾಯಿಗೆ ಬರುವುದು ಫಾದರ್ ಎಂದೇ. ಮೊನ್ನೆ ಟ್ರಂಕು ತೆರೆದು ಅಪ್ಪನ ಕೋಟು ಎತ್ತಿ ನೋಡಿದೆ, ಕೆಳಗೆ ಬರೀ ತಗಡು. ಮರೆತು, ಗಾಬರಿಬಿದ್ದು, ಅವನನ್ನು ಪುಟ್ಟಾ ಎಂದು ಕೂಗುವುದಕ್ಕೆ ಈ ಮನೆಯಲ್ಲಿ ಇನ್ನೇನೂ ಉಳಿದಿಲ್ಲ.