ಪೂಜೆಗಿಟ್ಟ ಕಾಲ್ಚೆಂಡು

ಹರಳೆಣ್ಣೆ ಸವರಿದ ತೊಗಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇವತ್ತಿಗೂ ದೊಡ್ಡಪ್ಪನ ಮೇಲೆ ಸಿಟ್ಟು ಬರುತ್ತದೆ. ಸತ್ತವರ ಮೇಲೆ ಎಂಥಾ ಸಿಟ್ಟು ಎಂದು ಮಕ್ಕಳು ನಗುತ್ತಾರೆ. ನಗಲಿ. ಅವರು ನಮ್ಮ ತೊಟ್ಟಿಮನೆಯನ್ನು ಕಂಡವರಲ್ಲ. ಮಣ್ಣಿನ ಗೋಡೆ, ನಾಡಹೆಂಚು, ಬೆಳಗಾದರೆ ದನಗಳಿಗೆಂದು ಹುರುಳಿ ಬೇಯುವ ಘಮ, ಕೊಟ್ಟಿಗೆಯಿಂದ ಬರುವ ಬಿಸಿಯುಸಿರು. ಆ ಮನೆಯ ನಡುಮನೆಯ ಗೂಟಕ್ಕೆ ನಮ್ಮಣ್ಣ ನಂಜುಂಡ ತನ್ನ ಫುಟ್‌ಬಾಲನ್ನು ತೂಗುಹಾಕುತ್ತಿದ್ದ. ಬೆಂಗಳೂರಿನಲ್ಲಿ ಓದುತ್ತಾ ಕಾಲೇಜಿನ ತಂಡದಲ್ಲಿ ಆಡುತ್ತಿದ್ದವನು ಶನಿವಾರ ಸಂಜೆ ತೂಬಗೆರೆಯಲ್ಲಿ ಬಸ್ಸಿಳಿದು, ಚೆಂಡನ್ನು ಹೆಗಲಿಗೇರಿಸಿಕೊಂಡು ನಮ್ಮೂರಿಗೆ ನಡೆದು ಬರುತ್ತಿದ್ದ. ಬಂದವನೇ ಕಾಲು ತೊಳೆದುಕೊಂಡು ಮೊದಲು ಹೋಗುತ್ತಿದ್ದುದು ಊರದೇವತೆಯ ಗುಡಿಗೆ. ನಾವೆಲ್ಲ ಅವಳನ್ನು ಅಮ್ಮ ಎನ್ನುತ್ತಿದ್ದೆವು. ಹೆತ್ತವಳು ಅವ್ವ. ಅವ್ವನ ಕೈಯ ಮುದ್ದೆ ಏನಿದ್ದರೂ ಆಮೇಲೆ.

ಅಮ್ಮನ ಪೂಜೆ ನಮ್ಮ ಮನೆತನದ್ದೇ. ಒಂದು ವರ್ಷ ದೊಡ್ಡಪ್ಪನ ಸರದಿ, ಮರುವರ್ಷ ಅಪ್ಪನದು. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಎರಡನ್ನೂ ದೊಡ್ಡಪ್ಪನೇ ನಡೆಸುತ್ತಿದ್ದರು. ಅಣ್ಣನ ಓದು ಮುಗಿದ ಮೇಲೆ ಅಪ್ಪನ ಸರದಿ ಅವನ ಕೈಗೆ ಬರಬೇಕೆಂದು ಹಿರಿಯರ ಮುಂದೆ ಮಾತಾಗಿತ್ತು. ಅಣ್ಣನಿಗೆ ಅದೊಂದೇ ಆಸೆ. "ಆಟ ಕಾಲಲ್ಲಿ ಶಕ್ತಿ ಇರೋಗಂಟ ಕಣೆ. ಅಮ್ಮನ ಆರತಿ ಹಂಗಲ್ಲ, ಸಾಯೋಗಂಟ ಎತ್ತಬೋದು" ಎನ್ನುತ್ತಿದ್ದ. ದೊಡ್ಡಪ್ಪನಿಗೋ ಆ ಆರತಿ ತಟ್ಟೆಯನ್ನು ಕೈಬಿಡಲು ಮನಸ್ಸಿರಲಿಲ್ಲ. ಒಂದು ನೆಪಕ್ಕಾಗಿ ಕಾಯುತ್ತಿದ್ದರು.

ಭಾನುವಾರ ಬಂತೆಂದರೆ ಅಣ್ಣ ಊರಾಚೆಯ ದಲಿತರ ಕೇರಿಯ ಹುಡುಗರಿಗೆ ಕೆರೆಯಂಗಳದಲ್ಲಿ ಆಟ ಕಲಿಸುತ್ತಿದ್ದ. ಅವರ ಬಾವಿ ಹೂಳು ತುಂಬಿ ವರ್ಷಗಳೇ ಆಗಿದ್ದವು. ಆಟ ಮುಗಿದ ಮೇಲೆ ಅದೇ ಹುಡುಗರ ಜೊತೆ ಬಾವಿಗಿಳಿದು ಹೂಳೆತ್ತುತ್ತಿದ್ದ. ಮೈಯೆಲ್ಲ ಕೆಸರಾಗಿ ಮನೆಗೆ ಬಂದರೆ ದೊಡ್ಡಪ್ಪ ಜಗಲಿಯ ಮೇಲಿಂದ ನನ್ನನ್ನು ಕೂಗುತ್ತಿದ್ದರು: "ನಿಮ್ಮವ್ವಂಗೆ ಹೇಳಮ್ಮೀ, ಘನಂದಾರಿ ಮಗ ಬಂದ. ತಲೆ ಮ್ಯಾಲೆ ನೀರು ಹುಯ್ದು ಒಳಕ್ ಕರ್ಕಳ್ಳಿ." ಅವ್ವ ತುಟಿ ಕಚ್ಚಿಕೊಂಡು ನೀರು ಹೊಯ್ಯುತ್ತಿದ್ದಳು.

ಆ ವರ್ಷದ ಆಯುಧಪೂಜೆಗೆ ನೇಗಿಲು, ಕುಡುಗೋಲು, ಗುದ್ದಲಿ, ಅವ್ವನ ಮೊರ, ನನ್ನ ಸ್ಲೇಟು ಎಲ್ಲವನ್ನೂ ತೊಳೆದು ತೊಟ್ಟಿಯ ಪಕ್ಕ ಸಾಲಾಗಿ ಇಟ್ಟಿದ್ದೆವು. ಅಣ್ಣ ತನ್ನ ಚೆಂಡಿಗೆ ಹರಳೆಣ್ಣೆ ಸವರಿ, ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಹೂ ಸಿಕ್ಕಿಸಿ ನೇಗಿಲಿನ ಮಗ್ಗುಲಿಗೆ ಇಟ್ಟ. ಅವರವರು ದುಡಿಯುವುದನ್ನು ಅವರವರು ಇಡುವ ಹಬ್ಬ ತಾನೇ? ಅವನಿಗೂ ತಪ್ಪು ಕಾಣಲಿಲ್ಲ, ನನಗೂ ಕಾಣಲಿಲ್ಲ. ಕರ್ಪೂರ ಹಚ್ಚಲು ಬಂದ ದೊಡ್ಡಪ್ಪ ಅದನ್ನು ಕಂಡದ್ದೇ ತಡ, ತಟ್ಟೆಯನ್ನು ನೆಲಕ್ಕೆ ಕುಕ್ಕಿದರು.

"ದನದ ಚರ್ಮ ಕಣೋ ಅದು! ಕೇರಿ ಹೈಕಳೆಲ್ಲ ಒದ್ದಿರೋದನ್ನ ತಂದು ಪೂಜೆಗಿಕ್ತೀಯೇನೋ?"

"ನೇಗಿಲ ಮಿಣಿ ಯಾವುದ್ರದ್ದು ದೊಡ್ಡಪ್ಪಾ? ಅಮ್ಮನ ಮುಂದೆ ಬಡಿಯೋ ತಮಟೆ ಯಾವುದ್ರದ್ದು?"

ಮಿಣಿ ಎಂದರೆ ನೇಗಿಲನ್ನು ನೊಗಕ್ಕೆ ಬಿಗಿಯುವ ತೊಗಲಿನ ಹಗ್ಗ. ಅದಕ್ಕೆ ಆಗತಾನೇ ಕುಂಕುಮ ಇಟ್ಟವರು ದೊಡ್ಡಪ್ಪನೇ. ಅವರಿಗೆ ಕೋಪ ನೆತ್ತಿಗೇರಿತು. ಚೆಂಡನ್ನು ಕೋಲಿನಿಂದ ಅಂಗಳಕ್ಕೆ ತಳ್ಳಿ ಕುಡುಗೋಲಿನಿಂದ ಸೀಳಿಹಾಕಿದರು. ಪೂಜೆಗಿಟ್ಟಿದ್ದ ಕುಡುಗೋಲು, ನೀವೇ ಯೋಚನೆ ಮಾಡಿ! ಮಾರನೆಯ ದಿನವೇ ಹಿರಿಯರನ್ನು ಸೇರಿಸಿದರು. ಅಣ್ಣ ಇನ್ನು ಕೇರಿಯ ಕಡೆ ತಲೆ ಹಾಕುವುದಿಲ್ಲವೆಂದು ಅಮ್ಮನ ಮುಂದೆ ಆಣೆಯಿಟ್ಟರೆ ಅಪ್ಪನ ಸರದಿ ಸಿಗುತ್ತದೆ, ಇಲ್ಲದಿದ್ದರೆ ಗುಡಿಯ ಹೊಸಿಲೂ ದಾಟುವಂತಿಲ್ಲ ಎಂದರು. "ಅಮ್ಮನ ಮುಂದೆ ಸುಳ್ಳಾಣೆ ಇಕ್ಕಾಕೆ ನನ್ನ ಕೈಲಾಗಲ್ಲ" ಎಂದು ಅಣ್ಣ ಎದ್ದು ಬಂದ. ಅವನ ಪರವಾಗಿ ಒಬ್ಬನಾದರೂ ತುಟಿ ಬಿಚ್ಚಿದನೇ? ಹೇಡಿಗಳು, ಪುಕ್ಕಲರು. ಅವ್ವ ಮಾತ್ರ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತಳು.

ಮುಂದಿನ ಬೇಸಿಗೆಗೆ ಅಣ್ಣ ಪರೀಕ್ಷೆ ಮುಗಿಸಿ ಊರಲ್ಲಿದ್ದ. ಗುಡಿಯ ಬಾವಿ ಬತ್ತಿತು, ಊರಿನ ಬಾವಿಗಳೂ ಬತ್ತಿದವು. ಹೂಳೆತ್ತಿದ ಕೇರಿಯ ಬಾವಿಯಲ್ಲಿ ಮಾತ್ರ ತಿಳಿನೀರು ನಿಂತಿತ್ತು. ಆಗ ದೊಡ್ಡಪ್ಪ ನನ್ನನ್ನು ಕರೆದು, "ಅಮ್ಮನ ಮೈ ತೊಳೆಯಾಕೆ ದಿನಾ ಒಂದು ಬಿಂದಿಗೆ ತರಾಕೆ ನಿಮ್ಮಣ್ಣಂಗೆ ಹೇಳು. ಗಂಗೆಗೆ ಮೈಲಿಗೆ ಇಲ್ಲ" ಎಂದರು. ಗಂಗೆಗಿಲ್ಲವಂತೆ, ಅದನ್ನು ಕುಡಿಯುವವರಿಗೆ ಮಾತ್ರ ಇದೆಯಂತೆ! ಥೂ! ಅಣ್ಣ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಎನ್ನುತ್ತಾನೆಂದು ಕಾದೆ. ಅವನು ಮೂಲೆಯಲ್ಲಿದ್ದ ತಾಮ್ರದ ಬಿಂದಿಗೆಯನ್ನು ತೆಗೆದು ಹುಣಸೆಹಣ್ಣು ಹಾಕಿ ಉಜ್ಜತೊಡಗಿದ.

"ಮಾನ ಮರ್ಯಾದೆ ಇಲ್ವೇನಣ್ಣಾ ನಿಂಗೆ? ತಗೊಂಡೋಗಿ ಅವ್ರ ತಲೆ ಮ್ಯಾಲೆ ಸುರಿ" ಎಂದು ಕಿರುಚಿದೆ.

"ಅವ್ರಿಗ್ಯಾಕೆ ತರ್ಲೇ? ಅಮ್ಮ ಬಾಯಾರ್ಕಂಡು ಕೂತವಳಲ್ಲೇ" ಎಂದ.

ಬೇಸಿಗೆ ಮುಗಿಯುವವರೆಗೂ ದಿನಾ ಬೆಳಗ್ಗೆ ಒದ್ದೆ ಪಂಚೆಯಲ್ಲಿ ಬಾವಿಗೆ ಹೋಗುತ್ತಿದ್ದ. ಕೇರಿಯ ಹುಡುಗರು ನೀರು ಸೇದಿ ಕೊಡುತ್ತಿದ್ದರು, ಅಣ್ಣ ಹೊತ್ತು ಗುಡಿಯ ಮೆಟ್ಟಿಲ ತನಕ ತರುತ್ತಿದ್ದ. ನಾನು ದೊಡ್ಡಪ್ಪನನ್ನು ಶಪಿಸುತ್ತಾ ಹಿಂದೆಯೇ ಬರುತ್ತಿದ್ದೆ. ಅವರು ಒಳಗಿನಿಂದ ಅಗುಳಿ ಸರಿಸಿ, ಬಿಂದಿಗೆಯನ್ನು ಎಳೆದುಕೊಂಡು, ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಳೆ ಬಿದ್ದ ಮೇಲೆ ಅಣ್ಣ ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ಸೇರಿಕೊಂಡ. ವರ್ಷಗಳುರುಳಿ ಆಟವೂ ಮುಗಿಯಿತು, ಕೆಲಸವೂ ಮುಗಿಯಿತು, ಕೊನೆಗೆ ಅವನೂ ತೀರಿಕೊಂಡ. ಆ ಮನೆಯಿದ್ದ ಜಾಗ ಈಗ ಯಾರದೋ. ಅಪ್ಪನ ಸರದಿ ಅಣ್ಣನ ಕೈಗೆ ಬರಲೇ ಇಲ್ಲ; ಅವನು ಅಮ್ಮನಿಗೆ ಆರತಿ ಎತ್ತುವುದನ್ನು ಅವ್ವ ನೋಡಲಿಲ್ಲ, ನಾನೂ ನೋಡಲಿಲ್ಲ. ನನಗೆ ನೋಡಲು ಸಿಕ್ಕಿದ್ದು ಇಷ್ಟೇ: ಆ ಬಾಗಿಲು ಬಿಂದಿಗೆ ಒಳಗೆ ಹೋಗುವಷ್ಟು ಮಾತ್ರ ತೆರೆಯುತ್ತಿತ್ತು, ಅಷ್ಟರಲ್ಲೇ ಅಣ್ಣ ಬಗ್ಗಿ ಅಮ್ಮನ ಮುಖ ನೋಡಿಬಿಡುತ್ತಿದ್ದ.